ಹರ್ಷ ವ್ಯಕ್ತಪಡಿಸಿದರು

ನನ್ನ ಕೈಬರಹ ಚೆನ್ನಾಗಿದೆ. ಅದೇ ನನಗೆ ಮುಳುವಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಬ್ಬಿಯಲ್ಲಿ ನಡೆದ ಶಿಕ್ಷಕರ ಸಭೆಯೊಂದರ ವರದಿಯನ್ನು, ಬರೆಯುವವರು ಯಾರೂ ಇಲ್ಲವೆಂದು, ನನ್ನ ಕೈಯಲ್ಲಿ ಬರೆಸಿದರು. ಓದಿದ್ದೂ ನಾನೇ. ಎಲ್ಲರೂ ಭೇಷ್ ಎಂದರು. ಅಲ್ಲಿಂದ ಇಪ್ಪತ್ತಾರು ವರ್ಷ, ಈ ಕಡೆ ಎಲ್ಲಿ ನಾಲ್ಕು ಜನ ಶಿಕ್ಷಕರು ಸೇರಿದರೂ ವರದಿ ನನ್ನ ಕೊರಳಿಗೆ ಬೀಳುತ್ತದೆ. ಮೊದಲು ಬೇಡ ಎನ್ನಲು ಸಂಕೋಚವಾಗುತ್ತಿತ್ತು. ಈಗ ಬೇಡ ಎನ್ನುವುದಕ್ಕೂ ಸುಸ್ತು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ವರದಿ ಬರೆಯುವುದು ಕಾರ್ಯಕ್ರಮದ ಹಿಂದಿನ ದಿನ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು, ನಮಗೆ ಹಾಗೇನೂ ಅನ್ನಿಸುವುದಿಲ್ಲ. ಸಮಾರೋಪದಲ್ಲಿ ವರದಿ ಓದಲೇಬೇಕು, ಅದಾದ ಮೇಲೇ ವಂದನಾರ್ಪಣೆ. ಇಡೀ ದಿನ ಕೂತು ಕೇಳಿಸಿಕೊಂಡು ಬರೆಯಲು ಪುರುಸೊತ್ತು ಎಲ್ಲಿದೆ? ವರದಿ ಬರೆಯುವವಳೇ ಊಟದ ಕೂಪನ್ ಹಂಚಬೇಕು, ಅತಿಥಿಗಳಿಗೆ ನೀರಿನ ಬಾಟಲಿ ಇಡಬೇಕು, ಪ್ರಾರ್ಥನೆ ಹಾಡುವ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು. ಹಾಗಾಗಿ ಆಹ್ವಾನ ಪತ್ರಿಕೆಯನ್ನು ಮುಂದಿಟ್ಟುಕೊಂಡು ಮೊದಲೇ ಬರೆದುಬಿಡುವುದು. ಬಂದವರ ಸಂಖ್ಯೆಗೆ ಒಂದಿಷ್ಟು ಖಾಲಿ ಜಾಗ, ಅತಿಥಿ ಬದಲಾದರೆ ಇರಲಿ ಎಂದು ಇನ್ನೊಂದಿಷ್ಟು. ಉಳಿದದ್ದೆಲ್ಲ ಗೊತ್ತಿರುವುದೇ. ಉದ್ಘಾಟಕರು ಮಾರ್ಮಿಕವಾಗಿ ನುಡಿಯುತ್ತಾರೆ. ಅಧ್ಯಕ್ಷರು ಕರೆ ಕೊಡುತ್ತಾರೆ. ಪೋಷಕರು ಹರ್ಷ ವ್ಯಕ್ತಪಡಿಸುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನ ವರದಿ ತಪ್ಪು ಎಂದು ಎದ್ದು ಹೇಳಿದವರು ಒಬ್ಬರೂ ಇಲ್ಲ.

ಕಳೆದ ವರ್ಷದ ಸಭೆ ತುಮಕೂರಿನಲ್ಲಿ. ತಂತ್ರಜ್ಞಾನ ಮತ್ತು ಸಮುದಾಯದ ನೆರವಿನಿಂದ ಶಾಲೆಗಳನ್ನು ಬದಲಾಯಿಸುವುದು ಹೇಗೆ ಎಂಬುದು ವಿಷಯ. ಗುಬ್ಬಿ, ಕುಣಿಗಲ್ ಕಡೆಯ ಶಿಕ್ಷಕರೆಲ್ಲ ಬರುವವರಿದ್ದರು. ವರದಿಯ ಜೊತೆಗೆ ನನಗೆ ಇನ್ನೊಂದು ಕೆಲಸ ಹಚ್ಚಿದರು: ನನ್ನ ಶಾಲೆಯ ಪೋಷಕರ ಗ್ರೂಪಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ನಾನಿರುವುದು ತುಮಕೂರಿನಲ್ಲಾದರೂ ಪಾಠ ಮಾಡುವುದು ಗುಬ್ಬಿಯಾಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಅಲ್ಲಿ ನಾನು ಶುರು ಮಾಡಿದ ಮೊಬೈಲ್ ಗ್ರೂಪ್ ಹೇಗೋ ಮೇಲಿನವರ ಕಿವಿಗೆ ಬಿದ್ದು, ಮಾದರಿ ಎನ್ನಿಸಿಕೊಂಡಿತ್ತು.

ಗ್ರೂಪಿನ ಕ್ರಮ ಸರಳ. ಶಾಲೆ ಬಿಟ್ಟ ಮೇಲೆ ಹೋಮ್‌ವರ್ಕನ್ನು ಅದರಲ್ಲಿ ಹಾಕುತ್ತೇನೆ. ಮಕ್ಕಳು ಮಾಡಿದ್ದನ್ನು ಮನೆಯವರು ಫೋಟೋ ಹೊಡೆದು ಸಂಜೆ ಏಳರೊಳಗೆ ಕಳಿಸಬೇಕು. ಆಮೇಲೆ ನಾನೊಂದು ಪಟ್ಟಿ ಹಾಕುತ್ತೇನೆ. ಕಳಿಸಿದವರ ಹೆಸರಿನ ಮುಂದೆ ಹೂವು, ಕಳಿಸದವರ ಹೆಸರಿನ ಮುಂದೆ ಕೆಂಪು ಚುಕ್ಕೆ. ನಾಚಿಕೆಗಾದರೂ ಮಾಡಲಿ ಎಂಬುದು ನನ್ನ ಎಣಿಕೆ. ಅದು ಫಲಿಸಿತು ಕೂಡ. ತಿಂಗಳೆರಡು ಕಳೆಯುವಷ್ಟರಲ್ಲಿ ಪಟ್ಟಿಯ ತುಂಬ ಹೂವುಗಳೇ. ಕೆಂಪು ಚುಕ್ಕೆ ಬಿಟ್ಟು ಕದಲದೆ ಉಳಿದದ್ದು ಒಂದೇ ಹೆಸರು.

ಏಳನೇ ತರಗತಿಯ ಹುಡುಗಿ ಅವಳು. ಮಾತು ಕಡಿಮೆ, ಅಕ್ಷರ ದುಂಡಗೆ. ತಾಯಿ ವಸಂತನರಸಾಪುರದ ಯಾವುದೋ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ ಎಂಬುದಷ್ಟು ನನಗೆ ಗೊತ್ತಿತ್ತು. ಗ್ರೂಪಿನಲ್ಲಿ ನಾನು ಏನು ಹಾಕಿದರೂ ಆಕೆ ಉತ್ತರಿಸುತ್ತಿರಲಿಲ್ಲ. ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಸಭೆಗೆ ಎರಡು ವಾರ ಇರುವಾಗ ಹುಡುಗಿ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಇನ್ನು ಬರಲ್ಲವಂತೆ, ಕುಣಿಗಲ್ಲಿನ ದೊಡ್ಡಮ್ಮನ ಮನೆಗೆ ಹೋಗಿ ಹೊಲಿಗೆ ಕಲಿಯುತ್ತಾಳಂತೆ ಎಂದು ಅವಳ ಬೆಂಚಿನವರು ಹೇಳಿದರು. ಒಮ್ಮೆ ಹಾಗೆ ಹೋದ ಹುಡುಗಿಯರು ಮತ್ತೆ ಪುಸ್ತಕ ಹಿಡಿಯುವುದಿಲ್ಲ, ಅದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಮನೆಗೆ ಹೋಗಿ ಬರಬೇಕು ಅಂದುಕೊಂಡೆ. ಸಭೆಯ ಗಡಿಬಿಡಿಯಲ್ಲಿ ಹೋಗಲಿಲ್ಲ.

ಅಷ್ಟರಲ್ಲಿ ಪ್ರತಿ ಶಾಲೆಯಿಂದ ಒಬ್ಬ ಪೋಷಕರನ್ನು ಕರೆತರಬೇಕು, ಐದು ನಿಮಿಷ ಮಾತಾಡಿಸುತ್ತೇವೆ ಎಂದು ಮೇಲಿನಿಂದ ಬಂತು. ಯಾರು ಬರುತ್ತೀರಿ ಎಂದು ಗ್ರೂಪಿನಲ್ಲಿ ಕೇಳಿದೆ. ಹೆಬ್ಬೆರಳುಗಳು ಸಾಲಾಗಿ ಬಂದವು, ಜನ ಒಬ್ಬರೂ ಬರಲಿಲ್ಲ. ಮಾರನೆಯ ಭಾನುವಾರ ಶಾಲೆಯಲ್ಲಿ ಲಸಿಕೆ ಕಾರ್ಯಕ್ರಮವಿದ್ದು ನಾನು ಹೋಗಿದ್ದಾಗ, ಆ ಹುಡುಗಿಯ ತಾಯಿಯೇ ಗೇಟಿನ ಹತ್ತಿರ ನಿಂತಿದ್ದರು.

"ಮಿಸ್, ಆ ಮೀಟಿಂಗ್‌ಗೆ ನಾನ್ ಬತ್ತೀನಿ. ಆ ದಿನದ ಡ್ಯೂಟಿ ಮುಂದಿನ್ ಭಾನುವಾರಕ್ಕೆ ಹಾಕಿಸ್ಕೊಂಡಿದೀನಿ. ಮೈಕಲ್ಲಿ ಮಾತಾಡೋಕೆ ಕೊಡ್ತಾರೆ ತಾನೆ?" ಎಂದು ಕೇಳಿದರು.

ಕೊಡುತ್ತಾರೆ ಕಣಮ್ಮ ಎಂದೆ. ಮಗಳ ಬಗ್ಗೆ ವಿಚಾರಿಸಿದೆ. ಅದಕ್ಕೇ ಬರ್ತಿರೋದು, ಅಲ್ಲೇ ಹೇಳ್ತೀನಿ ಎಂದರು. ನನಗೆ ಸಂತೋಷವಾಯಿತು. ಸದ್ಯ, ಸಭೆಗೊಬ್ಬರು ಸಿಕ್ಕರಲ್ಲ ಎಂಬ ಸಂತೋಷ ಅದು. ಏನು ಹೇಳುತ್ತೀರಿ ಎಂದು ಕೇಳಲಿಲ್ಲ. ಪೋಷಕರು ಏನು ಹೇಳುತ್ತಾರೆ ಎಂಬುದು ನನಗೆ ಗೊತ್ತೇ ಇತ್ತಲ್ಲ.

ಆ ದಿನ ಬೆಳಿಗ್ಗೆ ಎಂಟಕ್ಕೆಲ್ಲ ಆಕೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಇಸ್ತ್ರಿ ಮಾಡಿದ ಸೀರೆ, ತಲೆಗೆ ಹೂವು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ಕಿನ ಹಾಳೆ. ನನ್ನ ಚೀಲದಲ್ಲಿ ಹಿಂದಿನ ದಿನವೇ ಬರೆದು ಮುಗಿಸಿದ ವರದಿ. ತಟ್ಟೆ ಇಡ್ಲಿ ತಿನ್ನೋಣ ಬನ್ನಿ ಎಂದರೆ, ಮಾತಾಡೋವರೆಗೂ ಏನೂ ಸೇರಲ್ಲ ಮಿಸ್ ಎಂದು ಕಾಫಿ ಮಾತ್ರ ಕುಡಿದರು. ಆಟೊದಲ್ಲಿ ಕೂತಾಗಲೂ ತುಟಿ ಅಲ್ಲಾಡುತ್ತಿತ್ತು. ಪಾಠ ಒಪ್ಪಿಸಬೇಕಾದ ಮಕ್ಕಳ ಹಾಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು.

ಸಭೆ ನಡೆದದ್ದು ಹಾಗೇ, ಇಂಥವು ನಡೆಯುವ ಹಾಗೆ. ಹೆಸರು ನೋಂದಾಯಿಸಲು ಬಾಗಿಲಲ್ಲಿ ಕ್ಯೂಆರ್ ಕೋಡಿನ ಚೌಕವೊಂದನ್ನು ಅಂಟಿಸಿದ್ದರು, ಅದನ್ನು ಮೊಬೈಲಿನಲ್ಲಿ ಹಿಡಿಯಬೇಕು. ಎಲ್ಲರೂ ಒಟ್ಟಿಗೆ ಹಿಡಿದದ್ದಕ್ಕೆ ಮೊಬೈಲುಗಳಲ್ಲಿ ಚಕ್ರ ಸುತ್ತುತ್ತಲೇ ಉಳಿಯಿತು. ಕೊನೆಗೆ ಯಾರೋ ಒಂದು ಹಳೇ ರಿಜಿಸ್ಟರ್ ತಂದು ಸಹಿ ಹಾಕಿಸಿಕೊಂಡರು. ಪ್ರೊಜೆಕ್ಟರಿನ ವೈರು ಲ್ಯಾಪ್‌ಟಾಪಿಗೆ ಕೂಡಲಿಲ್ಲ, ಬೇರೆ ವೈರು ತರಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದು, ತಂತ್ರಜ್ಞಾನದಿಂದ ಸಮಯ ಉಳಿಯುತ್ತದೆ ಎಂದು ಬಹಳ ಹೊತ್ತು ಮಾತಾಡಿದರು. ನನಗೆ ನಗು ಕೂಡ ಬರಲಿಲ್ಲ. ಮಂಡಿ ನೋಯುತ್ತಿತ್ತು.

ನನ್ನ ಸರದಿ ಬಂದಾಗ ದೊಡ್ಡ ಪರದೆಯ ಮೇಲೆ ಗ್ರೂಪಿನ ಪಟ್ಟಿಯನ್ನು ತೋರಿಸಿದೆ. ಮೇಲಿನಿಂದ ಕೆಳಗಿನವರೆಗೆ ಹೂವು, ತುದಿಯಲ್ಲಿ ಒಂದು ಕೆಂಪು ಚುಕ್ಕೆ, ಅದರ ಪಕ್ಕ ಆ ಹುಡುಗಿಯ ಹೆಸರು, ಒಂದೊಂದು ಅಕ್ಷರವೂ ಗೇಣುದ್ದ. ಇವಳೊಬ್ಬಳು ಮಾತ್ರ ಇನ್ನೂ ದಾರಿಗೆ ಬರಬೇಕು ಎಂದು ತಮಾಷೆ ಮಾಡಿದೆ. ಸಭೆ ನಕ್ಕಿತು, ಚಪ್ಪಾಳೆಯನ್ನೂ ತಟ್ಟಿತು. ಅವಳ ತಾಯಿ ಹಿಂದಿನ ಸಾಲಿನಲ್ಲಿ ಕೂತಿರುವುದನ್ನು ನಾನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಆದರೆ ಪರದೆಯ ಮೇಲಿನ ಆ ಹೆಸರಿಗೂ ಬೆಳಿಗ್ಗೆ ನನ್ನ ಜೊತೆ ಕಾಫಿ ಕುಡಿದವರಿಗೂ ಏನಾದರೂ ಸಂಬಂಧ ಇದೆ ಎಂಬುದು ಹೊಳೆಯಲೇ ಇಲ್ಲ. ಸಹೋದ್ಯೋಗಿಯೊಬ್ಬರು ನಾನು ಪರದೆಯ ಮುಂದೆ ನಿಂತ ಫೋಟೋ ತೆಗೆದು ಕಳಿಸಿದರು. ಕೆಳಗಿಳಿದವಳೇ ಅದನ್ನು ನಮ್ಮ ಪೋಷಕರ ಗ್ರೂಪಿಗೆ ಹಾಕಿ, ನಮ್ಮ ಶಾಲೆಯ ಹೆಮ್ಮೆಯ ಕ್ಷಣ ಎಂದು ಬರೆದೆ.

ಊಟವಾಗುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಸಭೆಯ ಉಸ್ತುವಾರಿ ಹೊತ್ತಿದ್ದ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಕುಣಿಗಲ್ ಕಡೆಯವರು, ಒಳ್ಳೆಯ ಮನುಷ್ಯ, ಅವರೂ ಬೆಳಿಗ್ಗೆಯಿಂದ ನಿಂತೇ ಇದ್ದರು. "ಮೇಡಂ, ಟೈಮೇ ಇಲ್ಲ. ಪೋಷಕರ ಮಾತು ಬುಟ್ಬುಡಣ. ಎಲ್ರಿಗೂ ಒಂದೊಂದ್ ಸಸಿ ಕೊಟ್ಟು ಒಂದ್ ಫೋಟೋ ತೆಗೆಸ್ಬುಡಣ" ಎಂದರು. ಆಗಲಿ ಸಾರ್ ಎಂದೆ. ಅಷ್ಟೇ. ಬೆಳಿಗ್ಗೆಯಿಂದ ಹೊಟ್ಟೆಗೆ ಸರಿಯಾಗಿ ಹಾಕದೆ ಕಾದಿದ್ದವರ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು ನನಗೆ. ಪೋಷಕರೆಲ್ಲ ವೇದಿಕೆಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿದ್ದ ಹೊಂಗೆ ಸಸಿಗಳನ್ನು ಹಿಡಿದು ಸಾಲಾಗಿ ನಿಂತರು. ಆಕೆಯ ಒಂದು ಕೈಯಲ್ಲಿ ಸಸಿ, ಇನ್ನೊಂದರಲ್ಲಿ ಆ ಹಾಳೆ.

ಆಮೇಲೆ ವರದಿ. ಸಂಖ್ಯೆಯನ್ನು ತುಂಬಿಕೊಂಡು ನಿಂತು ಓದತೊಡಗಿದೆ. ಇಪ್ಪತ್ತಾರು ವರ್ಷದ ಅಭ್ಯಾಸ, ನಾಲಿಗೆ ತಾನಾಗೇ ಹೋಗುತ್ತದೆ. ಎರಡನೇ ಪುಟದ ನಡುವೆ ಆ ಸಾಲು ಬಂತು: ಪೋಷಕರ ಪ್ರತಿನಿಧಿಯಾಗಿ ಮಾತನಾಡಿದ ಗುಬ್ಬಿ ಭಾಗದ ತಾಯಿಯೊಬ್ಬರು, ಮೊಬೈಲ್ ಗ್ರೂಪಿನಿಂದಾಗಿ ತಮ್ಮ ಮಗಳ ಕಲಿಕೆಯಲ್ಲಿ ಅಪಾರ ಪ್ರಗತಿಯಾಗಿದೆ ಎಂದು ಹರ್ಷ ವ್ಯಕ್ತಪಡಿಸಿದರು. ಓದುವಾಗಲೇ ಗೊತ್ತಾಯಿತು. ನಿಲ್ಲಿಸಬಹುದಿತ್ತು, ಹಾರಿಸಬಹುದಿತ್ತು. ನಿಲ್ಲಿಸಲಿಲ್ಲ. ಸಾಲನ್ನು ಪೂರ್ತಿ ಓದಿ, ಕಣ್ಣೆತ್ತಿ ಹಿಂದಿನ ಸಾಲು ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಆಕೆ ಸಸಿಯನ್ನು ಕಾಲ ಬಳಿ ಇಟ್ಟು, ಅವರ ಜೊತೆ ತಾವೂ ತಟ್ಟಿದರು.

ಆಕೆಯ ಜೊತೆ ಬಸ್‌ಸ್ಟ್ಯಾಂಡಿಗೆ ಬಂದೆ. ಗುಬ್ಬಿ ಬಸ್ಸು ಬರಲು ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತಾಗ ಆಕೆ ಮೆಲ್ಲಗೆ ಕೇಳಿದರು.

"ಮಿಸ್, ನಾನ್ ಹಂಗಂದೆ ಅಂತ ಅದ್ರಲ್ಲಿ ಇರ್ತದಾ? ಯಾವಾಗ್ಲೂ?"

ಫೈಲಿನಲ್ಲಿ ಇರುತ್ತೆ ಎಂದೆ.

"ಓಗ್ಲಿ ಬುಡಿ," ಎಂದು ಆ ಹಾಳೆಯನ್ನು ನನ್ನ ಕೈಗಿಟ್ಟರು. "ಇದನ್ನ ನೀವೇ ಇಟ್ಕಳಿ. ನಂಗ್ ಬರ್ಯಾಕ್ ಸರಿಯಾಗ್ ಬರಲ್ಲ, ಮಗಳೇ ಬರ್ಕೊಟ್ಟಿದ್ಲು."

ಬಸ್ಸು ಹೋದ ಮೇಲೆ ಅಲ್ಲೇ ಬಿಡಿಸಿ ಓದಿದೆ. ನಾನೇ ತಿದ್ದಿಸಿದ ದುಂಡು ಅಕ್ಷರ. ಸಭೆಗೆ ನಮಸ್ಕಾರ ಎಂದು ಶುರುವಾಗಿತ್ತು. ನನ್ನ ಮಗಳು ದಡ್ಡಿಯಲ್ಲ. ನಮ್ಮ ಮನೆಯಲ್ಲಿ ಇರುವುದು ಒಂದೇ ಫೋನು. ಅದು ನನ್ನ ಜೊತೆ ಫ್ಯಾಕ್ಟರಿಗೆ ಹೋಗುತ್ತದೆ, ಗೇಟಿನಲ್ಲಿ ಇಸಿದುಕೊಂಡು ಇಟ್ಟುಕೊಳ್ಳುತ್ತಾರೆ. ನಾನು ಮನೆಗೆ ಬರುವಷ್ಟರಲ್ಲಿ ಏಳು ಗಂಟೆ ದಾಟಿ ಪಟ್ಟಿ ಬಂದಿರುತ್ತದೆ. ಆಮೇಲೆ ಅವಳು ಕೂತು ಬರೆಯುತ್ತಾಳೆ, ಅದನ್ನು ಯಾರೂ ನೋಡುವುದಿಲ್ಲ. ಊರವರೆಲ್ಲ ಆ ಚುಕ್ಕೆ ನೋಡಿ ಕೇಳುತ್ತಾರೆ, ಅದಕ್ಕೇ ಅವಳು ಶಾಲೆ ಬೇಡ ಎನ್ನುತ್ತಾಳೆ. ದಯವಿಟ್ಟು ಹೋಮ್‌ವರ್ಕನ್ನು ಬೋರ್ಡಿನ ಮೇಲೆ ಬರೆಯಿರಿ, ಮೊದಲಿನ ಹಾಗೆ. ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ. ಭಾಷಣ ಹೀಗೆ ಮುಗಿಸಬೇಕೆಂದು ಕಲಿಸಿದವಳೂ ನಾನೇ.

ಗ್ರೂಪಿಗೆ ಹಾಕಿದ ಫೋಟೋ ನೆನಪಾದದ್ದು ಆಗ. ಅಳಿಸಿದೆ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಭಾನುವಾರ ಅವರ ಮನೆಗೆ ಹೋದೆ. ತಾಯಿ ಇರಲಿಲ್ಲ. ಸಭೆಗೆ ಬಂದ ದಿನದ ಬದಲಿ ಡ್ಯೂಟಿ ಅವತ್ತು. ಹುಡುಗಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ನನ್ನನ್ನು ನೋಡಿ ಎದ್ದು ನಿಂತಳು. ಮೂಲೆಯಲ್ಲಿ ಬಟ್ಟೆ ತುಂಬಿದ ಬ್ಯಾಗಿತ್ತು. ಕುಣಿಗಲ್ಲಿಗೆ ಯಾವಾಗ ಎಂದು ಕೇಳಿದೆ. ಬುಧವಾರ ಎಂದಳು. ಗ್ರೂಪಿನ ಫೋಟೋ ನೋಡಿದೆಯಾ ಎಂದೆ. ಪಕ್ಕದ ಮನೆಯವರ ಫೋನಿನಲ್ಲಿ ನೋಡಿದ್ದಳಂತೆ. ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. ನನಗೆ ಅಳು ಬಂತು. ಇಷ್ಟು ವರ್ಷದಲ್ಲಿ ಯಾವ ಮಗುವಿನ ಮುಂದೆಯೂ ಅತ್ತವಳಲ್ಲ.

"ತಪ್ಪಾಯ್ತು ಕಣಮ್ಮ," ಎಂದೆ. "ನಂದೇ ತಪ್ಪು."

ಅವಳು ಕೇಳಿದಳು: "ಇದನ್ನೂ ಗ್ರೂಪಲ್ಲಿ ಹಾಕ್ತೀರಾ ಮಿಸ್?"

ಮೊದಲು ಅದನ್ನು ಕೊಂಕು ಎಂದುಕೊಂಡೆ. ಅಲ್ಲ, ಅವಳು ನಿಜವಾಗಿಯೇ ಕೇಳುತ್ತಿದ್ದಳು. ಚುಕ್ಕೆಯನ್ನು ಊರೆಲ್ಲ ನೋಡಿತ್ತು. ತಪ್ಪಾಯ್ತು ಎಂಬುದನ್ನು ಅವಳೊಬ್ಬಳೇ ಕೇಳಿಸಿಕೊಂಡರೆ ಏನು ಬಂತು?

ಅವರ ಜಗುಲಿಯ ಮೇಲೇ ಕೂತು ಬರೆದೆ. ಎರಡು ಪುಟದ ವರದಿಯನ್ನು ಅರ್ಧ ಗಂಟೆಯಲ್ಲಿ ಬರೆಯುವವಳಿಗೆ ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು. ಪಟ್ಟಿ ಹಾಕಿದ್ದು ನನ್ನ ತಪ್ಪು, ಈ ಹುಡುಗಿ ಪ್ರತಿ ದಿನ ಹೋಮ್‌ವರ್ಕ್ ಮಾಡಿದ್ದಾಳೆ, ನಾನು ನೋಡಲಿಲ್ಲ, ನಾಳೆಯಿಂದ ಎಲ್ಲ ಬೋರ್ಡಿನ ಮೇಲೆ. ಓದಿ ತೋರಿಸಿ, ಅವಳು ಹ್ಞೂ ಎಂದ ಮೇಲೆ ಕಳಿಸಿದೆ. ಯಾರೋ ಹೆಬ್ಬೆರಳು ಹಾಕಿದರು. ಯಾರೋ ಕೈ ಮುಗಿದರು. ಒಬ್ಬರು ಏನನ್ನೂ ಓದದೆ ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭ ಭಾನುವಾರ ಎಂದರು. ಅವಳು ಬರುತ್ತೇನೆ ಎನ್ನಲಿಲ್ಲ. ನಾನೂ ಬಾ ಎಂದು ಒತ್ತಾಯಿಸುವ ಧೈರ್ಯ ಮಾಡಲಿಲ್ಲ.

ಬುಧವಾರ ಬೆಳಿಗ್ಗೆ ಹಾಜರಿ ಕೂಗುವಾಗ ಅವಳ ಹೆಸರನ್ನೂ ಬಿಡದೆ ಕೂಗಿದೆ. ಹಿಂದಿನ ಬೆಂಚಿನಿಂದ ಎಸ್ ಮಿಸ್ ಎಂಬ ಸಣ್ಣ ದನಿ ಬಂತು. ನಾನು ತಲೆಯೆತ್ತದೆ ಮುಂದಿನ ಹೆಸರು ಕೂಗಿದೆ.

ಮೂರು ತಿಂಗಳ ಮೇಲೆ ಅದೇ ಸಭೆಯ ಮುಂದುವರಿದ ಭಾಗವೆಂದು ಕುಣಿಗಲ್ಲಿನಲ್ಲಿ ಸೇರಿಸಿದರು. ಉಸ್ತುವಾರಿ ಮೇಷ್ಟ್ರು ಫೋನ್ ಮಾಡಿದಾಗ, ಮೊದಲೇ ಬರೆದ ವರದಿ ಇನ್ನು ನನ್ನಿಂದಾಗದು, ಕೇಳಿಸಿಕೊಂಡು ಬರೆಯುವುದಾದರೆ ಬರೆಯುತ್ತೇನೆ ಎಂದೆ. ಮೈ ಹುಷಾರಿಲ್ವಾ ಮೇಡಂ ಎಂದು ಕೇಳಿದರು, ಕಾಳಜಿಯಿಂದಲೇ. ವರದಿಯನ್ನು ಬೇರೆಯವರಿಗೆ ವಹಿಸಿ, ನನಗೆ ಮಾತಿಗೆ ಮಾತ್ರ ಹತ್ತು ನಿಮಿಷ ಕೊಟ್ಟರು. ಆ ತಾಯಿಯನ್ನು ಕರೆದೆ. ಮತ್ತೆ ರಜ ಸಿಗಲ್ಲ, ನೀವೇ ಓದಿ ಎಂದರು. ಹುಡುಗಿ ಮಾತ್ರ ಹಾಳೆಯನ್ನು ಒಂದು ಸಲ ವಾಪಸ್ ಇಸಿದುಕೊಂಡು, ಮಡಿಕೆಯಲ್ಲಿ ಅಳಿಸಿದ್ದ ಅಕ್ಷರಗಳನ್ನು ಪೆನ್ನಿನಲ್ಲಿ ತಿದ್ದಿ ಕೊಟ್ಟಳು.

ಕುಣಿಗಲ್ಲಿನಲ್ಲಿ ನಾನು ಅದನ್ನು ಇದ್ದದ್ದು ಇದ್ದ ಹಾಗೆ ಓದಿದೆ. ಪರದೆಯ ಮೇಲೆ ತೋರಿಸಿದ ಹೆಸರಿನ ವಿಷಯವನ್ನೂ, ಅವತ್ತು ಆಕೆ ಮಾತಾಡದೇ ಇದ್ದ ವಿಷಯವನ್ನೂ ಹೇಳಿದೆ. ಒಬ್ಬಿಬ್ಬರು ತಲೆ ತಗ್ಗಿಸಿದರು. ಆಮೇಲೆ ಚಪ್ಪಾಳೆ. ಕೆಳಗಿಳಿದಾಗ ಒಬ್ಬರು ಬಂದು, ಚೆನ್ನಾಗಿದೆ ಮೇಡಂ, ಆ ಹಾಳೆ ಒಂದು ಫೋಟೋ ಹೊಡೆದುಕೊಳ್ಳಲಾ, ಗ್ರೂಪಿಗೆ ಹಾಕುತ್ತೇನೆ ಎಂದರು. ಬೇಡ ಎಂದೆ. ಆ ಒಂದು ಬೇಡ ಎನ್ನಲು ನನಗೆ ಸುಸ್ತಾಗಲಿಲ್ಲ.

ಸಮಾರೋಪದಲ್ಲಿ ವರದಿ ಓದಲು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಎದ್ದಳು. ಬೆಳಿಗ್ಗೆ ಉದ್ಘಾಟನೆಗೂ ಮೊದಲೇ ಅವಳ ಕೈಯಲ್ಲಿ ಬರೆದು ಮುಗಿಸಿದ ವರದಿಯ ಫೈಲು ಕಂಡಿದ್ದೆ. ಕೈಬರಹ ಮುತ್ತಿನ ಹಾಗಿತ್ತು. ಮಧ್ಯಾಹ್ನದ ಗೋಷ್ಠಿಯಲ್ಲಿ ಗುಬ್ಬಿ ಭಾಗದ ಹಿರಿಯ ಶಿಕ್ಷಕಿಯೊಬ್ಬರು ತಮ್ಮ ಶಾಲೆಯ ಮೊಬೈಲ್ ಗ್ರೂಪಿನ ಯಶೋಗಾಥೆಯನ್ನು ಹಂಚಿಕೊಂಡು ಹರ್ಷ ವ್ಯಕ್ತಪಡಿಸಿದರು ಎಂದು ಓದಿದಳು. ಪಾಪ, ಊಟದ ಕೂಪನ್ ಹಂಚುತ್ತಿದ್ದಳು, ನಾನು ಮಾತಾಡುವಾಗ ಒಳಗೇ ಇರಲಿಲ್ಲ. ಎದ್ದು ಹೇಳಬೇಕು ಅನ್ನಿಸಿತು. ಏಳಲು ಕುರ್ಚಿಯ ಕೈ ಹಿಡಿದೆ ಕೂಡ. ಅಷ್ಟರಲ್ಲಿ ಎಲ್ಲರೂ ತಟ್ಟಿದರು. ನನ್ನ ಎರಡು ಕೈಗಳೂ ತಾವಾಗಿಯೇ ಸೇರಿಕೊಂಡವು.

ಮಾರನೆಯ ದಿನ ಬೋರ್ಡಿನ ಮೇಲೆ ಹೋಮ್‌ವರ್ಕ್ ಬರೆಯುತ್ತಿದ್ದೆ. ಗಂಟೆ ಹೊಡೆದು ಮಕ್ಕಳೆಲ್ಲ ಹೊರಟರೂ ಆ ಹುಡುಗಿ ಕೂತು ಬರೆದುಕೊಳ್ಳುತ್ತಿದ್ದಳು.

"ಓದಿದ್ರಾ ಮಿಸ್?"

"ಓದ್ದೆ ಕಣಮ್ಮ."

"ಏನಂದ್ರು?"

ಚೆನ್ನಾಗಿದೆ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು ಎಂದೆ. ಅವಳು ಕೊನೆಯ ಸಾಲು ಬರೆದು, ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು.

"ಅವತ್ತು ಅಮ್ಮಂಗೂ ತಟ್ಟಿದ್ರಂತೆ," ಎಂದು ಹೇಳಿ ಹೊರಟಳು.